ಹಳೆಯ ಡಾಸ್ ಕಂಪ್ಯೂಟರ್ ಏಳುತ್ತಿಲ್ಲವೇ? ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ಮುದ್ರಣಾಲಯದ ಅಟ್ಟದ ಮೇಲೆ, ಸಹಕಾರ ಸಂಘದ ಕಚೇರಿಯ ಮೂಲೆಯಲ್ಲಿ, ಅಡಿಕೆ ಮಂಡಿಯ ಗೋಣಿಚೀಲಗಳ ಹಿಂದೆ ಈಗಲೂ ಅಂಥ ಯಂತ್ರಗಳು ಸಿಗುತ್ತವೆ. 386, 486 ಅಥವಾ ಮೊದಮೊದಲ ಪೆಂಟಿಯಂ ಪ್ರೊಸೆಸರಿನವು. ಒಳಗೆ ಆದೇಶಗಳನ್ನು ಬೆರಳಚ್ಚಿಸಿ ನಡೆಸುವ ಎಂಎಸ್-ಡಾಸ್, ಇಲ್ಲವೇ ವಿಂಡೋಸ್ 95 ಅಥವಾ 98. ಫಾಕ್ಸ್‌ಪ್ರೊದಲ್ಲಿ ಬರೆಸಿದ ಲೆಕ್ಕದ ತಂತ್ರಾಂಶ, ವರ್ಡ್‌ಸ್ಟಾರ್‌ನಲ್ಲಿ ಬೆರಳಚ್ಚಿಸಿದ ಪತ್ರಗಳು, ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟಿದ ಪುಸ್ತಕ. ವರ್ಷಗಟ್ಟಲೆ ಯಾರೂ ಕೇಳದಿದ್ದ ಕಡತ ಒಂದು ದಿನ ಇದ್ದಕ್ಕಿದ್ದಂತೆ ಬೇಕಾಗುತ್ತದೆ. ಸ್ವಿಚ್ ಹಾಕಿದರೆ ಯಂತ್ರ ಏಳುವುದಿಲ್ಲ; ಎದ್ದರೂ ತಂತ್ರಾಂಶ ತೆರೆಯುವುದಿಲ್ಲ.

ಇಂಥ ಹೊತ್ತಿನಲ್ಲಿ ತುಕ್ಕಿಗಿಂತ ಹೆಚ್ಚು ಹಾಳು ಮಾಡುವುದು ಅವಸರ. ‘ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿಬಿಡಿ’ ಎಂದು ಸಲಹೆ ಕೊಡುವವರು ಪ್ರತಿ ಬೀದಿಯಲ್ಲೂ ಇದ್ದಾರೆ. ಅಂಥವರನ್ನು ಯಂತ್ರದ ಹತ್ತಿರ ಬಿಡಬೇಡಿ. ಎಷ್ಟೋ ಸಲ ಹಾರ್ಡ್ ಡಿಸ್ಕಿನೊಳಗಿನ ಮಾಹಿತಿ ಹಾಗೆಯೇ ಇರುತ್ತದೆ, ಅದನ್ನು ಓದುವ ಬಗೆಯನ್ನು ಯಂತ್ರ ಮರೆತಿರುತ್ತದೆ, ಅಷ್ಟೇ. ಆದ್ದರಿಂದ ದೋಷ ಯಾವುದೆಂದು ಖಚಿತವಾಗುವವರೆಗೆ ಆ ಡಿಸ್ಕಿನ ಮೇಲೆ ಒಂದಕ್ಷರವನ್ನೂ ಬರೆಯಬೇಡಿ. ಪರದೆಯ ಮೇಲೆ ಬಂದ ಪ್ರತಿ ಸಂದೇಶವನ್ನೂ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ‘ಏನೋ ಎರರ್ ಬಂತು’ ಎಂದು ಹೇಳಿದರೆ ಯಾವ ತಜ್ಞನಿಗೂ ಏನೂ ತಿಳಿಯುವುದಿಲ್ಲ.

ಸ್ವಿಚ್ ಹಾಕುವ ಮೊದಲು

ವರ್ಷಗಟ್ಟಲೆ ನಿಂತಿದ್ದ ಯಂತ್ರಕ್ಕೆ ನೇರವಾಗಿ ಕರೆಂಟ್ ಕೊಡಬೇಡಿ. ಹಿಂಬದಿಯಲ್ಲಿ, ಪವರ್ ಸಪ್ಲೈ ಪೆಟ್ಟಿಗೆಯ ಮೇಲೆ 115 ಮತ್ತು 230 ಎಂದು ಬರೆದಿರುವ ಚಿಕ್ಕ ಕೆಂಪು ಸ್ವಿಚ್ ಇದ್ದರೆ ಅದು 230ರಲ್ಲಿ ಇರಲೇಬೇಕು. ವಿದೇಶದಿಂದ ತಂದ ಯಂತ್ರದಲ್ಲಿ ಅದು 115ರಲ್ಲಿ ಇದ್ದರೆ ನಮ್ಮ ಕರೆಂಟಿಗೆ ಢಂ ಎಂದು ಸಿಡಿಯುತ್ತದೆ. ಅರ್ತಿಂಗ್ ಸರಿಯಿರುವ ಮೂರು ಪಿನ್ನಿನ ಪ್ಲಗ್ ಪಾಯಿಂಟನ್ನೇ ಬಳಸಿ.

ಪ್ಲಗ್ ಕಿತ್ತಿರುವಾಗಲೇ ಮುಚ್ಚಳ ತೆಗೆದು ನೋಡಿ: ಇಲಿ ಕಡಿದ ವೈರು, ಜೇಡರ ಬಲೆ, ಮದರ್‌ಬೋರ್ಡಿನ ಮೇಲೆ ಹಸಿರು ಅಥವಾ ಬಿಳಿ ಪುಡಿ. ಧೂಳನ್ನು ಒಣ ಬ್ರಷ್‌ನಿಂದ ಮೆಲ್ಲಗೆ ತೆಗೆಯಿರಿ. ಹಳೆಯ ಎಟಿ ಮಾದರಿಯ ಯಂತ್ರಗಳಲ್ಲಿ ಮುಂಭಾಗದ ಸ್ವಿಚ್ಚಿಗೇ 230 ವೋಲ್ಟ್ ಬರುತ್ತದೆ. ಅದರ ಹಿಂದಿನ ತಂತಿಗಳ ಹೊದಿಕೆ ಬಿರಿದಿದ್ದರೆ ಅಲ್ಲಿಗೆ ನಿಲ್ಲಿಸಿ, ಎಲೆಕ್ಟ್ರೀಷಿಯನ್‌ಗೆ ತೋರಿಸಿ. ಪವರ್ ಸಪ್ಲೈ ಪೆಟ್ಟಿಗೆಯನ್ನಾಗಲಿ, ಹಳೆಯ ಉಬ್ಬು ಗಾಜಿನ ಮಾನಿಟರನ್ನಾಗಲಿ ಯಾವ ಕಾರಣಕ್ಕೂ ಬಿಚ್ಚಬೇಡಿ. ಆ ಬಣ್ಣದ ಮಾನಿಟರಿನೊಳಗೆ ಇಪ್ಪತ್ತು ಸಾವಿರ ವೋಲ್ಟಿಗೂ ಮೀರಿದ ವಿದ್ಯುತ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಕಾಲ ಉಳಿದಿರಬಹುದು.

ಏನೂ ಆಗುತ್ತಿಲ್ಲ, ಫ್ಯಾನ್ ಕೂಡ ತಿರುಗುತ್ತಿಲ್ಲ

ಮೊದಲು ಅದೇ ಪ್ಲಗ್ ಪಾಯಿಂಟಿಗೆ ಟೇಬಲ್ ಲ್ಯಾಂಪ್ ಹಾಕಿ ನೋಡಿ. ಆಮೇಲೆ ಪವರ್ ಕೇಬಲ್ ಬದಲಿಸಿ. ಇವೆರಡಕ್ಕೂ ಖರ್ಚಿಲ್ಲ. ನಂತರ ಪ್ಲಗ್ ಕಿತ್ತು, ಸೇರಿಸಿರುವ ಕಾರ್ಡುಗಳನ್ನೆಲ್ಲ ಒಂದೊಂದಾಗಿ ತೆಗೆದು, ಪ್ರತಿ ಸಲವೂ ಪ್ಲಗ್ ಹಾಕಿ ಪರೀಕ್ಷಿಸಿ. ಯಾವುದಾದರೂ ಕಾರ್ಡ್ ಶಾರ್ಟ್ ಆಗಿದ್ದರೆ ಪವರ್ ಸಪ್ಲೈ ತನ್ನನ್ನು ಕಾಪಾಡಿಕೊಳ್ಳಲು ಸ್ಥಗಿತವಾಗುತ್ತದೆ. ಆ ಕಾರ್ಡ್ ತೆಗೆದೊಡನೆ ಫ್ಯಾನ್ ತಿರುಗುತ್ತದೆ.

ಎಟಿ ಮದರ್‌ಬೋರ್ಡಿಗೆ ವಿದ್ಯುತ್ ಕೊಡುವ ಎರಡು ಕನೆಕ್ಟರುಗಳನ್ನು ಕಿತ್ತರೆ, ಮರಳಿ ಹಾಕುವಾಗ ಎರಡರ ಕಪ್ಪು ವೈರುಗಳು ನಡುವೆ ಅಕ್ಕಪಕ್ಕ ಬರಬೇಕು. ಅದಲುಬದಲಾದರೆ ಬೋರ್ಡ್ ಸುಟ್ಟುಹೋಗಬಹುದು. ಹೊಗೆ ಅಥವಾ ಸುಟ್ಟ ವಾಸನೆ ಬಂದರೆ ಗೋಡೆಯ ಸ್ವಿಚ್ ಆರಿಸಿ. ‘ಇನ್ನೊಂದು ಸಲ ನೋಡೋಣ’ ಎನ್ನಬೇಡಿ.

ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಾಗಿದೆ

ಕಿವಿಗೊಡಿ. ಒಂದೇ ಒಂದು ಚಿಕ್ಕ ಬೀಪ್ ಬಂದರೆ ಯಂತ್ರ ತನ್ನ ಪರೀಕ್ಷೆ ಮುಗಿಸಿದೆ ಎಂದರ್ಥ, ತೊಂದರೆ ಮಾನಿಟರಿನಲ್ಲೋ ಅದರ ಕೇಬಲ್ಲಿನಲ್ಲೋ ಇರಬಹುದು. ಯಂತ್ರವನ್ನು ಎಬ್ಬಿಸುವ, ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ತಂತ್ರಾಂಶಕ್ಕೆ ಬಯೋಸ್ ಎನ್ನುತ್ತಾರೆ. ಅವಾರ್ಡ್ ಬಯೋಸ್ ಇರುವ ಯಂತ್ರದಲ್ಲಿ ಒಂದು ಉದ್ದ, ಎರಡು ಚಿಕ್ಕ ಬೀಪ್ ಬಂದರೆ ವಿಡಿಯೊ ಕಾರ್ಡಿನ ದೋಷ. ಎಎಂಐ ಬಯೋಸ್‌ನಲ್ಲಿ ಎಂಟು ಚಿಕ್ಕ ಬೀಪ್ ಬಂದರೂ ಅದೇ ದಿಕ್ಕು. ಮೂರು ಬಂದರೆ ಮೆಮೊರಿ. ಬಯೋಸ್ ಯಾವುದೆಂದು ಮದರ್‌ಬೋರ್ಡಿನ ಚಿಪ್ ಮೇಲಿನ ಚೀಟಿ ಹೇಳುತ್ತದೆ. ಚೀಟಿಯನ್ನು ಕೀಳಬೇಡಿ, ಕೆಲವು ಚಿಪ್‌ಗಳಲ್ಲಿ ಅದರ ಕೆಳಗೆ ಬೆಳಕು ತಾಗಿದರೆ ಅಳಿಯುವ ಕಿಟಕಿ ಇರುತ್ತದೆ.

ಎರಡರಲ್ಲಿ ಯಾವುದಾದರೂ ಮದ್ದು ಒಂದೇ: ಪ್ಲಗ್ ಕಿತ್ತು, ಕಬ್ಬಿಣದ ಚೌಕಟ್ಟನ್ನು ಒಮ್ಮೆ ಮುಟ್ಟಿ ಮೈಯ ಸ್ಥಾಯಿ ವಿದ್ಯುತ್ ಇಳಿಸಿಕೊಂಡು, ಮೆಮೊರಿಯನ್ನೂ ವಿಡಿಯೊ ಕಾರ್ಡನ್ನೂ ತೆಗೆದು ಮತ್ತೆ ಕೂರಿಸಿ. ಹೊಳಪು ಕಳೆದುಕೊಂಡ ಸಂಪರ್ಕದ ಪಟ್ಟಿಗಳನ್ನು ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಬ್ರಷ್‌ನಿಂದ ತೆಗೆಯಿರಿ. ಎಷ್ಟೋ ‘ಸತ್ತ’ ಯಂತ್ರಗಳು ಇಷ್ಟಕ್ಕೇ ಏಳುತ್ತವೆ.

ಹೊಸ ಎಲ್‌ಸಿಡಿ ಮಾನಿಟರ್ ಸಿಕ್ಕಿಸಿದ್ದೀರಾ? ಡಾಸ್‌ನ ಅಕ್ಷರ ಪರದೆ ಸೆಕೆಂಡಿಗೆ 70 ಸಲ ಮೂಡುತ್ತದೆ. ಕೆಲವು ಹೊಸ ಮಾನಿಟರುಗಳು ಅದನ್ನು ಒಪ್ಪದೆ ‘ಔಟ್ ಆಫ್ ರೇಂಜ್’ ಎನ್ನುತ್ತವೆ. ಬೇರೊಂದು ಮಾನಿಟರ್ ಹಾಕಿ ನೋಡಿ.

ದಿನಾಂಕ ತಪ್ಪಾಗಿದೆ, ‘ಸಿಮಾಸ್ ಚೆಕ್‌ಸಮ್ ಎರರ್’ ಎನ್ನುತ್ತದೆ

ಹಳೆಯ ಯಂತ್ರಗಳ ರೋಗಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ. ಗಂಟೆ, ದಿನಾಂಕ, ಫ್ಲಾಪಿ ಯಾವುದು, ಹಾರ್ಡ್ ಡಿಸ್ಕ್ ಎಷ್ಟು ದೊಡ್ಡದು ಎಂಬುದನ್ನೆಲ್ಲ ಮದರ್‌ಬೋರ್ಡ್ ಸಿಮಾಸ್ ಎಂಬ ಪುಟ್ಟ ಮೆಮೊರಿಯಲ್ಲಿ, ಒಂದು ಚಿಕ್ಕ ಬ್ಯಾಟರಿಯ ಬಲದಿಂದ ನೆನಪಿಟ್ಟುಕೊಂಡಿರುತ್ತದೆ. ಬ್ಯಾಟರಿ ಸತ್ತರೆ ಆ ನೆನಪೂ ಹೋಗುತ್ತದೆ.

ಬ್ಯಾಟರಿ ಮೂರು ಬಗೆ. ಪೆಂಟಿಯಂ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಕಾಣುವ ನಾಣ್ಯದಾಕಾರದ ಸಿಆರ್2032 ಯಾವ ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ, ಬದಲಿಸಿದರೆ ಮುಗಿಯಿತು. ಎರಡನೆಯದು ‘ಡಲ್ಲಾಸ್’ ಎಂದು ಬರೆದ ದಪ್ಪ ಕಪ್ಪು ಚಿಪ್. ಬ್ಯಾಟರಿ ಅದರ ಹೊಟ್ಟೆಯೊಳಗೇ ಇರುತ್ತದೆ. ಸಾಕೆಟ್ಟಿನಲ್ಲಿ ಕೂತಿದ್ದರೆ ಇಡೀ ಚಿಪ್ಪನ್ನೇ ಬದಲಿಸಬೇಕು. ಬೆಸುಗೆ ಹಾಕಿದ್ದರೆ ಕೈಪಳಗಿದವರ ಕೆಲಸ.

ಮೂರನೆಯದು ಕೊಲೆಗಾರ. 386 ಮತ್ತು 486 ಬೋರ್ಡುಗಳಲ್ಲಿ ಬೆಸೆದಿರುವ, ಪೀಪಾಯಿ ಆಕಾರದ, ಹೆಚ್ಚಾಗಿ ನೀಲಿ ಬಣ್ಣದ 3.6 ವೋಲ್ಟಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ. ವಯಸ್ಸಾದಂತೆ ಅದು ಸೋರಿ, ಕ್ಷಾರ ಬೋರ್ಡಿನ ತಾಮ್ರದ ಗೆರೆಗಳನ್ನು ತಿನ್ನುತ್ತಾ ಹೋಗುತ್ತದೆ. ಅದರ ಜಾಗ ಹೆಚ್ಚಾಗಿ ಕೀಬೋರ್ಡ್ ಸಿಕ್ಕಿಸುವ ತೂತಿನ ಪಕ್ಕದಲ್ಲೇ. ಹಾಗಾಗಿ ‘ಕೀಬೋರ್ಡ್ ಎರರ್’ ಎಂಬ ಸಂದೇಶ ಬಂದು, ಕೀಬೋರ್ಡ್ ಬದಲಿಸಿದರೂ ಹೋಗದಿದ್ದರೆ ಮೊದಲು ಈ ಪೀಪಾಯಿಯ ಸುತ್ತ ಹಸಿರು ಪುಡಿ ಇದೆಯೇ ನೋಡಿ. ಇದ್ದರೆ ಕೈಗವಸು ತೊಟ್ಟು ಬ್ಯಾಟರಿಯನ್ನು ಕತ್ತರಿಸಿ ತೆಗೆಯಿರಿ. ಆ ಜಾಗಕ್ಕೆ ಹತ್ತಿಯಲ್ಲಿ ವಿನೆಗರ್ ಅಥವಾ ನಿಂಬೆರಸ ಹಚ್ಚಿ, ನೊರೆ ನಿಂತ ಮೇಲೆ ಶುದ್ಧ ನೀರಿನಿಂದ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ ಪೂರ್ತಿ ಒಣಗಿಸಿ. ಗೆರೆಗಳು ಕಡಿದಿದ್ದರೆ ಮೊಬೈಲ್ ಬೋರ್ಡ್ ರಿಪೇರಿ ಮಾಡುವ ನುರಿತವರು ತಂತಿ ಬೆಸೆದು ಕೊಡಬಲ್ಲರು. ಒಂದು ಎಚ್ಚರಿಕೆ: ಅದೇ ಜಾಗದಲ್ಲಿ ಸಿಆರ್2032 ಅನ್ನು ನೇರವಾಗಿ ಬೆಸೆಯಬಾರದು. ಬೋರ್ಡ್ ಅದನ್ನು ಚಾರ್ಜ್ ಮಾಡಲು ಹೋಗುತ್ತದೆ, ಸೆಲ್ ಸಿಡಿಯಬಹುದು. ನಡುವೆ ಡಯೋಡ್ ಬೇಕು.

ಬ್ಯಾಟರಿ ಸರಿಯಾದ ಮೇಲೆ ಹಾರ್ಡ್ ಡಿಸ್ಕಿನ ಲೆಕ್ಕವನ್ನು ಸೆಟಪ್‌ನಲ್ಲಿ, ಅಂದರೆ ಬಯೋಸ್‌ನ ಹೊಂದಾಣಿಕೆಯ ಪರದೆಯಲ್ಲಿ, ಮತ್ತೆ ತುಂಬಬೇಕು. ಆಟೊ ಡಿಟೆಕ್ಟ್ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಡಿಸ್ಕಿನ ಮೇಲಿನ ಚೀಟಿಯಲ್ಲಿ ಸಿಲಿಂಡರ್, ಹೆಡ್, ಸೆಕ್ಟರ್ ಎಂಬ ಮೂರು ಅಂಕಿಗಳಿರುತ್ತವೆ. ‘ಟೈಪ್ 47’ ಅಥವಾ ‘ಯೂಸರ್’ ಆಯ್ದು ಅವನ್ನು ಬರೆಯಿರಿ. ಅಂದಾಜಿನ ಮೇಲೆ ತುಂಬಬೇಡಿ. ತಪ್ಪು ಅಂಕಿ ಕೊಟ್ಟರೆ ಡಿಸ್ಕ್ ಖಾಲಿಯಂತೆ ಕಾಣಬಹುದು. ಆ ಸ್ಥಿತಿಯಲ್ಲಿ ಏನನ್ನಾದರೂ ಉಳಿಸಿದರೆ ನಿಜವಾದ ಮಾಹಿತಿಯ ಮೇಲೆಯೇ ಬರೆದಂತೆ. 504 ಮೆಗಾಬೈಟಿಗಿಂತ ದೊಡ್ಡ ಡಿಸ್ಕುಗಳಿಗೆ ನಾರ್ಮಲ್, ಲಾರ್ಜ್, ಎಲ್‌ಬಿಎ ಎಂಬ ಆಯ್ಕೆಗಳು ಕಾಣುತ್ತವೆ. ಹಿಂದೆ ಯಾವುದರಲ್ಲಿ ಫಾರ್ಮ್ಯಾಟ್ ಆಗಿತ್ತೋ ಅದರಲ್ಲೇ ಓದಬೇಕು. ಒಂದರಲ್ಲಿ ಏಳದಿದ್ದರೆ ಇನ್ನೊಂದನ್ನು ಪ್ರಯತ್ನಿಸಿ. ಓದಿ ನೋಡುವುದರಿಂದ ಹಾನಿಯಿಲ್ಲ.

ದಿನಾಂಕದಲ್ಲೂ ಒಂದು ಸುಳಿವಿದೆ. ಜನವರಿ 1, 1980 ಎಂದು ತೋರಿಸಿದರೆ ಬಹುತೇಕ ಬ್ಯಾಟರಿಯೇ ಕಾರಣ. ಜನವರಿ 4, 1980 ಎಂದು ತೋರಿಸಿದರೆ 2000ನೇ ಇಸವಿಯನ್ನು ಅರಿಯದ ಹಳೆಯ ಬಯೋಸ್. ಡಾಸ್‌ನಲ್ಲಿ ‘ಡೇಟ್’ ಆದೇಶದಿಂದ ಇಂದಿನ ದಿನಾಂಕ ಕೊಟ್ಟು ಮುಂದುವರಿಯಬಹುದು.

‘ನಾನ್-ಸಿಸ್ಟಮ್ ಡಿಸ್ಕ್ ಆರ್ ಡಿಸ್ಕ್ ಎರರ್’

ಫ್ಲಾಪಿ ಡ್ರೈವಿನಲ್ಲಿ ಯಾರೋ ಮರೆತ ಫ್ಲಾಪಿ ಇದೆಯೇ? ತೆಗೆದು ಯಾವುದಾದರೂ ಕೀಲಿ ಒತ್ತಿ. ನಗಬೇಡಿ, ಈ ಸಂದೇಶಕ್ಕೆ ಅತಿ ಸಾಮಾನ್ಯ ಕಾರಣ ಇದೇ. ಫ್ಲಾಪಿ ಇಲ್ಲದಿದ್ದರೆ ಹಿಂದಿನ ಭಾಗಕ್ಕೆ ಹೋಗಿ, ಡಿಸ್ಕಿನ ಲೆಕ್ಕ ಸರಿಯಾಗಿದೆಯೇ ಖಚಿತಪಡಿಸಿಕೊಳ್ಳಿ. ‘ಮಿಸ್ಸಿಂಗ್ ಆಪರೇಟಿಂಗ್ ಸಿಸ್ಟಮ್’ ಎಂಬುದಕ್ಕೂ ಇದೇ ಕ್ರಮ.

‘ಬ್ಯಾಡ್ ಆರ್ ಮಿಸ್ಸಿಂಗ್ ಕಮಾಂಡ್ ಇಂಟರ್‌ಪ್ರಿಟರ್’ ಎಂದರೆ ಡಿಸ್ಕ್ ಸಿಕ್ಕಿದೆ, ಕಮಾಂಡ್.ಕಾಮ್ ಎಂಬ ಕಡತ ಮಾತ್ರ ಕಳೆದಿದೆ ಅಥವಾ ಬೇರೆ ಆವೃತ್ತಿಯದಾಗಿದೆ. ಅದೇ ಆವೃತ್ತಿಯ ಬೂಟ್ ಫ್ಲಾಪಿಯಿಂದ ಎಬ್ಬಿಸಿ, ಮೊದಲು ನಿಮಗೆ ಬೇಕಾದ ಕಡತಗಳ ನಕಲು ಮಾಡಿಕೊಂಡು, ಆಮೇಲೆ ಅದನ್ನು ಮರಳಿ ಹಾಕಿ.

ಫ್ಲಾಪಿಯಿಂದ ಎಬ್ಬಿಸಿದಾಗ ಸಿ ಡ್ರೈವ್ ಕಾಣಲೇ ಇಲ್ಲವೆಂದರೆ ಡಿಸ್ಕ್ ಖಾಲಿ ಎಂದುಕೊಳ್ಳಬೇಡಿ. ಹಳೆಯ ಬಯೋಸ್‌ಗೆ ದೊಡ್ಡ ಡಿಸ್ಕ್ ಹೊಂದಿಸಲು ಆನ್‌ಟ್ರ್ಯಾಕ್ ಡಿಸ್ಕ್ ಮ್ಯಾನೇಜರ್‌ನಂಥ ತಂತ್ರಾಂಶವನ್ನು ಡಿಸ್ಕಿನ ಮೊಟ್ಟಮೊದಲ ಭಾಗದಲ್ಲಿ ಕೂರಿಸುತ್ತಿದ್ದರು. ಹಾರ್ಡ್ ಡಿಸ್ಕಿನಿಂದ ಏಳುವಾಗ ‘ಫ್ಲಾಪಿಯಿಂದ ಎಬ್ಬಿಸಲು ಸ್ಪೇಸ್ ಬಾರ್ ಒತ್ತಿ’ ಎಂಬರ್ಥದ ಸಾಲು ಕ್ಷಣಕಾಲ ಮೂಡಿದರೆ ಅದು ಇದೆ ಎಂದರ್ಥ. ಆ ಸಾಲು ಬಂದಾಗಲೇ ಸ್ಪೇಸ್ ಬಾರ್ ಒತ್ತಿ ಫ್ಲಾಪಿ ಹಾಕಿ. ಇಂಥ ಡಿಸ್ಕಿನ ಮೇಲೆ, ಡಿಸ್ಕನ್ನು ಭಾಗ ಮಾಡುವ ‘ಎಫ್‌ಡಿಸ್ಕ್’ ಆದೇಶವನ್ನು ‘ಎಂಬಿಆರ್’ ಆಯ್ಕೆಯೊಂದಿಗೆ ಓಡಿಸಿದರೆ ಆ ತಂತ್ರಾಂಶ ಅಳಿದು, ಸುಲಭದ ಸಮಸ್ಯೆ ಕಷ್ಟದ್ದಾಗುತ್ತದೆ.

ಸಿ ಡ್ರೈವ್ ಕಾಣುತ್ತದೆ, ಆದರೆ ನಾಲ್ಕೈದು ಕಡತ ಮಾತ್ರ ಇವೆ ಎಂದರೆ ಡ್ರೈವ್‌ಸ್ಪೇಸ್ ಅಥವಾ ಡಬಲ್‌ಸ್ಪೇಸ್‌ನಿಂದ ಮಾಹಿತಿಯ ಗಾತ್ರ ಕುಗ್ಗಿಸಿಟ್ಟ ಡಿಸ್ಕ್ ಇರಬಹುದು. ಅಡಗಿಸಿಟ್ಟ ಒಂದೇ ದೊಡ್ಡ ಕಡತದೊಳಗೆ ಎಲ್ಲವೂ ಇರುತ್ತದೆ. ಆ ಕಡತವನ್ನು ‘ಅನಗತ್ಯ’ ಎಂದು ಅಳಿಸಿದವರೂ ಇದ್ದಾರೆ.

ಹಾರ್ಡ್ ಡಿಸ್ಕಿನಿಂದ ಕಟಕಟ ಸದ್ದು

ಇಲ್ಲಿ ಪರೀಕ್ಷೆ ಬೇಡ. ಏಕಪ್ರಕಾರವಾಗಿ ಕಟ್, ಕಟ್ ಎನ್ನುವುದು ಅಥವಾ ಲೋಹ ಉಜ್ಜಿದ ಕಿರ್ರೆನ್ನುವ ಸದ್ದು ಬಂದರೆ ಆ ಕ್ಷಣವೇ ಆರಿಸಿ. ಪ್ರತಿ ಸಲ ಎಬ್ಬಿಸಿದಾಗಲೂ ಇನ್ನಷ್ಟು ಮಾಹಿತಿ ಕೆರೆದುಹೋಗುತ್ತದೆ. ಬೇರೆಲ್ಲೂ ಸಿಗದ ಕಡತವಾದರೆ ಡೇಟಾ ರಿಕವರಿ ಮಾಡುವವರ ಬಳಿಗೇ ಹೋಗಿ. ಫ್ರಿಜ್ಜಿನಲ್ಲಿಡುವುದು, ತಟ್ಟುವುದು ಮುಂತಾದ ಮನೆಮದ್ದು ಮಾಡಬೇಡಿ.

ಸದ್ದು ಸಹಜವಾಗಿದ್ದು, ಓದುವುದು ಮಾತ್ರ ಅಲ್ಲಲ್ಲಿ ತಪ್ಪುತ್ತಿದ್ದರೆ ಡಿಸ್ಕನ್ನು ಬಿಚ್ಚಿ ಐಡಿಇ–ಯುಎಸ್‌ಬಿ ಅಡಾಪ್ಟರಿನಿಂದ ಲಿನಕ್ಸ್ ಯಂತ್ರಕ್ಕೆ ಸೇರಿಸಿ, ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಬಳಸಿ ಇಡೀ ಡಿಸ್ಕಿನ ಪ್ರತಿ ತೆಗೆಯಿರಿ. ಅದು ಓದಲು ಬರುವ ಭಾಗವನ್ನು ಮೊದಲು ಎತ್ತಿಕೊಂಡು, ಹಟಮಾರಿ ಭಾಗಕ್ಕೆ ಕೊನೆಯಲ್ಲಿ ಬರುತ್ತದೆ. ಇಂದಿನ ವಿಂಡೋಸ್‌ಗೆ ಸೇರಿಸಿದಾಗ ‘ಫಾರ್ಮ್ಯಾಟ್ ಮಾಡಬೇಕೇ’ ಎಂದು ಕೇಳಿದರೆ ಬೇಡವೆನ್ನಿ. ತೊಂಬತ್ತರ ದಶಕದ ಆರಂಭದ ಡಿಸ್ಕುಗಳನ್ನು ಕೆಲವು ಅಡಾಪ್ಟರುಗಳು ಗುರುತಿಸುವುದೇ ಇಲ್ಲ. ಹಳೆಯ ಯಂತ್ರ ಎದ್ದರೆ ಎಂಎಸ್-ಡಾಸ್ 6ರ ಇಂಟರ್‌ಲಿಂಕ್ ಮೂಲಕ, ಡಾಸ್ ಇರುವ ಇನ್ನೊಂದು ಯಂತ್ರಕ್ಕೆ ಕೇಬಲ್ ಎಳೆದು ಕಡತ ಸಾಗಿಸಬಹುದು.

ಫ್ಲಾಪಿ ಓದುತ್ತಿಲ್ಲ

ಡ್ರೈವಿನ ದೀಪ ಸ್ವಿಚ್ ಹಾಕಿದಾಗಿನಿಂದ ಆರದೆ ಉರಿಯುತ್ತಿದ್ದರೆ ಕೇಬಲ್ ತಿರುಗುಮುರುಗಾಗಿದೆ. ‘ನಾಟ್ ರೆಡಿ’ ಅಥವಾ ‘ಜನರಲ್ ಫೇಲ್ಯೂರ್’ ಬಂದರೆ ಡ್ರೈವ್ ಕೆಟ್ಟಿದೆಯೋ ಫ್ಲಾಪಿಯೋ ಎಂದು ತಿಳಿಯಲು ಮುಖ್ಯವಲ್ಲದ ಬೇರೊಂದು ಫ್ಲಾಪಿ ಹಾಕಿ ನೋಡಿ.

ಮೂರೂವರೆ ಇಂಚಿನ ಫ್ಲಾಪಿಯ ಲೋಹದ ಬಾಗಿಲನ್ನು ಬೆರಳಿನಿಂದ ಸರಿಸಿ, ದೀಪದ ಕೆಳಗೆ ಓರೆಯಾಗಿ ಹಿಡಿಯಿರಿ. ಕಂದು ಹಾಳೆಯ ಮೇಲೆ ಬಿಳಿಯ ಚುಕ್ಕೆ, ಜಾಲದಂಥ ಗೆರೆ ಕಂಡರೆ ಅದು ಬೂಷ್ಟು. ಮಲೆನಾಡು, ಕರಾವಳಿಯಲ್ಲಿ ಕೆಲವು ಮಳೆಗಾಲ ಕಂಡ ಫ್ಲಾಪಿಗಳಿಗೆ ಇದು ತಪ್ಪಿದ್ದಲ್ಲ. ಅಂಥದ್ದನ್ನು ಡ್ರೈವಿಗೆ ಹಾಕಿದರೆ ಆ ಫ್ಲಾಪಿ ಗೀರುಬಿದ್ದು ಹಾಳಾಗುವುದಲ್ಲದೆ, ಕೊಳೆಯಾದ ಹೆಡ್ ಮುಂದಿನ ಒಳ್ಳೆಯ ಫ್ಲಾಪಿಯನ್ನೂ ಕೆಡಿಸುತ್ತದೆ. ಬೂಷ್ಟು ಇಲ್ಲದವನ್ನು ಮೊದಲು ಓದಿ ಮುಗಿಸಿ, ಓದುವ ಮೊದಲು ಬರಹ ತಡೆಯುವ ಚಿಕ್ಕ ಕಿಟಕಿಯನ್ನು ತೆರೆದಿಡಿ. ಐದೂಕಾಲು ಇಂಚಿನದಾದರೆ ಅಂಚಿನ ಕಚ್ಚಿನ ಮೇಲೆ ಕಾಗದ ಅಂಟಿಸಿ.

ಡಾಸ್ ಬಂತು, ತಂತ್ರಾಂಶ ತೆರೆಯುತ್ತಿಲ್ಲ

ಮೊದಲು ಒಂದು ಅಗ್ಗದ ಪರೀಕ್ಷೆ. ತಂತ್ರಾಂಶದ ಇಡೀ ಫೋಲ್ಡರನ್ನು ಹೊಸ ಲ್ಯಾಪ್‌ಟಾಪಿಗೆ ನಕಲು ಮಾಡಿ, ಡಾಸ್ ತಂತ್ರಾಂಶಗಳನ್ನು ಇಂದಿನ ಯಂತ್ರದಲ್ಲಿ ಓಡಿಸುವ ಡಾಸ್‌ಬಾಕ್ಸ್‌ನಲ್ಲಿ ತೆರೆಯಿರಿ. ಅಲ್ಲಿ ಸರಾಗವಾಗಿ ನಡೆದರೆ ಕಡತಗಳು ಗಟ್ಟಿಯಾಗಿವೆ, ದೋಷ ಹಳೆಯ ಯಂತ್ರದ ಹೊಂದಾಣಿಕೆಯಲ್ಲಿದೆ. ನಕಲು ಮಾಡುವಾಗಲೇ ಕಡತ ಓದಲು ಬಾರದಿದ್ದರೆ ದೋಷ ಡಿಸ್ಕಿನದು. ಹಿಂಬದಿಯ ಪ್ರಿಂಟರ್ ಪೋರ್ಟಿಗೆ ಕಳ್ಳನಕಲು ತಡೆಯುವ ಹಾರ್ಡ್‌ವೇರ್ ಲಾಕ್ ಸಿಕ್ಕಿಸಿ ಬಳಸುತ್ತಿದ್ದ ತಂತ್ರಾಂಶಕ್ಕೆ ಮಾತ್ರ ಈ ಪರೀಕ್ಷೆ ಹೊಂದುವುದಿಲ್ಲ. ಯಂತ್ರ ಸಾಗಿಸುವಾಗ ಆ ಚಿಕ್ಕ ಲಾಕ್ ಕಳೆದಿರುವುದೇ ಹೆಚ್ಚು. ಅದಿದ್ದೂ ‘ಲಾಕ್ ಸಿಗಲಿಲ್ಲ’ ಎಂದರೆ ಸೆಟಪ್‌ನಲ್ಲಿ ಪೋರ್ಟಿನ ಬಗೆಯನ್ನು ಇಸಿಪಿಯಿಂದ ಸಾದಾ ಎಸ್‌ಪಿಪಿಗೆ ಬದಲಿಸಿ.

ಸಂದೇಶಗಳಿಗೆ ಬರೋಣ. ‘ಪ್ರೋಗ್ರಾಂ ಟೂ ಬಿಗ್ ಟು ಫಿಟ್ ಇನ್ ಮೆಮೊರಿ’ ಎಂದಾಗ ಹೊಸ ಮೆಮೊರಿ ಕೊಂಡರೆ ಹಣ ದಂಡ. ಡಾಸ್ ತಂತ್ರಾಂಶಗಳು ಮೊದಲ 640 ಕಿಲೊಬೈಟಿನೊಳಗೇ ಬದುಕಬೇಕು. ಮೌಸ್, ಸಿಡಿ, ನೆಟ್‌ವರ್ಕ್ ಚಾಲಕಗಳು (ಡ್ರೈವರ್) ಅದನ್ನೇ ಕಬಳಿಸಿರುತ್ತವೆ. ‘ಸ್ಟಾರ್ಟಿಂಗ್ ಎಂಎಸ್-ಡಾಸ್’ ಎಂದು ಬಂದಾಗ ಎಫ್5 ಒತ್ತಿದರೆ ಚಾಲಕಗಳಿಲ್ಲದೆ ಏಳುತ್ತದೆ. ಆಗ ತಂತ್ರಾಂಶ ತೆರೆದರೆ ಕಾರಣ ಸಿಕ್ಕಿತು. ಎಫ್8 ಒತ್ತಿದರೆ ಪ್ರತಿ ಸಾಲಿಗೂ ಬೇಕೇ ಬೇಡವೇ ಎಂದು ಕೇಳುತ್ತದೆ, ಕಳ್ಳ ಯಾವ ಸಾಲಿನಲ್ಲಿದ್ದಾನೆ ಎಂದು ಹಿಡಿಯಬಹುದು.

ಎಫ್5 ಒತ್ತಿದಾಗ ಇದಕ್ಕೆ ವಿರುದ್ಧವಾಗಿ ಫಾಕ್ಸ್‌ಪ್ರೊ ಅಥವಾ ಕ್ಲಿಪ್ಪರ್ ತಂತ್ರಾಂಶ ‘ಟೂ ಮೆನಿ ಫೈಲ್ಸ್ ಓಪನ್’ ಅಥವಾ ‘ಡಾಸ್ ಎರರ್ 4’ ಎನ್ನಬಹುದು. ಡಾಸ್ ಏಳುವಾಗ ಓದುವ ಕಾನ್ಫಿಗ್.ಸಿಸ್ ಕಡತದಲ್ಲಿ ‘ಫೈಲ್ಸ್’ ಸಾಲು ಇಲ್ಲದಿದ್ದರೆ ಡಾಸ್ ಏಕಕಾಲಕ್ಕೆ ತೆರೆಯಗೊಡುವುದು ಎಂಟೇ ಕಡತ. ಲೆಕ್ಕದ ತಂತ್ರಾಂಶಕ್ಕೆ ಅದು ಯಾವ ಮೂಲೆಗೂ ಸಾಲದು. ನಕಲು ತೆಗೆದಿಟ್ಟುಕೊಂಡ ಮೇಲೆ ಆ ಸಾಲಿನಲ್ಲಿ 60 ಎಂದು ಬರೆಯಿರಿ. ‘ಔಟ್ ಆಫ್ ಎನ್ವಿರಾನ್‌ಮೆಂಟ್ ಸ್ಪೇಸ್’ ಎಂದರೆ ಅದೇ ಕಡತದ ‘ಶೆಲ್’ ಸಾಲಿನ 256 ಬೈಟಿನ ಮಿತಿಯನ್ನು 1024ಕ್ಕೆ ಏರಿಸಬೇಕು.

‘ಪ್ಯಾಕ್ಡ್ ಫೈಲ್ ಈಸ್ ಕರಪ್ಟ್’ ಎಂಬ ಸಂದೇಶ ಓದಿದವರು ಕಡತ ಹಾಳಾಯಿತೆಂದು ಕೈಚೆಲ್ಲುತ್ತಾರೆ. ಕಡತ ನೆಟ್ಟಗೇ ಇರುತ್ತದೆ. ಡಾಸ್ ತಾನು ಮೇಲಿನ ಮೆಮೊರಿಗೆ ಹೋಗಿ ಕೆಳಗಿನ 64 ಕಿಲೊಬೈಟ್ ಖಾಲಿ ಬಿಟ್ಟಾಗ ಕೆಲವು ಹಳೆಯ ತಂತ್ರಾಂಶಗಳು ಅಲ್ಲಿ ಕೂತು ಎಡವುತ್ತವೆ. ತಂತ್ರಾಂಶದ ಹೆಸರಿನ ಮುಂದೆ ‘ಲೋಡ್‌ಫಿಕ್ಸ್’ ಎಂದು ಸೇರಿಸಿ ಓಡಿಸಿ, ಅಷ್ಟೇ.

‘ರನ್‌ಟೈಮ್ ಎರರ್ 200’ ಯಂತ್ರ ತೀರಾ ವೇಗವಾಗಿರುವುದರ ಫಲ. ಟರ್ಬೊ ಪ್ಯಾಸ್ಕಲ್‌ನಲ್ಲಿ ಬರೆದ ತಂತ್ರಾಂಶ ಆರಂಭದಲ್ಲಿ ಪ್ರೊಸೆಸರಿನ ವೇಗ ಅಳೆಯುತ್ತದೆ. ಸುಮಾರು 200 ಮೆಗಾಹರ್ಟ್ಸ್ ದಾಟಿದ ಪೆಂಟಿಯಂಗಳಲ್ಲಿ ಆ ಲೆಕ್ಕ ತುಂಬಿ ಹರಿದು ಭಾಗಾಕಾರ ತಪ್ಪುತ್ತದೆ. ವೇಗ ಬದಲಿಸುವ ಟರ್ಬೊ ಗುಂಡಿ ಇದ್ದರೆ ಒತ್ತಿ ವೇಗ ಇಳಿಸಿ, ಇಲ್ಲವೇ ಸೆಟಪ್‌ನಲ್ಲಿ ಕ್ಯಾಶ್ ಮೆಮೊರಿಯನ್ನು ತಾತ್ಕಾಲಿಕವಾಗಿ ಬಂದ್ ಮಾಡಿ ನೋಡಿ.

ವಿಂಡೋಸ್ 95 ಅಥವಾ 98 ಅರ್ಧಕ್ಕೆ ನಿಲ್ಲುತ್ತದೆ

ಎಫ್8 ಒತ್ತಿ ಸೇಫ್ ಮೋಡ್‌ನಲ್ಲಿ ಎಬ್ಬಿಸಿ. ಅದರಲ್ಲಿ ಬಂದರೆ ವಿಡಿಯೊ ಅಥವಾ ಇನ್ನಾವುದೋ ಚಾಲಕದ ತಂಟೆ. ಎಎಂಡಿಯ ಕೆ6-2 ಪ್ರೊಸೆಸರ್ 350 ಮೆಗಾಹರ್ಟ್ಸ್ ಅಥವಾ ಹೆಚ್ಚಿನದಾಗಿದ್ದು, ವಿಂಡೋಸ್ 95 ‘ಪ್ರೊಟೆಕ್ಷನ್ ಎರರ್’ ಎಂದರೆ ಅದೂ ವೇಗದ್ದೇ ತಕರಾರು; ಅದಕ್ಕೆಂದೇ ತಿದ್ದುಪಡಿ ಕಡತ ಬಂದಿತ್ತು. ಉತ್ಸಾಹದಲ್ಲಿ 512 ಮೆಗಾಬೈಟಿಗಿಂತ ಹೆಚ್ಚು ಮೆಮೊರಿ ತುಂಬಿದ್ದರೆ, ತೆಗೆಯಿರಿ. ‘ಮೆಮೊರಿ ಸಾಲದು’ ಎಂಬ ವಿಚಿತ್ರ ದೂರು ಆಗ ತಾನಾಗಿ ನಿಲ್ಲುತ್ತದೆ.

ಕಡತ ತೆರೆಯಿತು, ಕನ್ನಡದ ಬದಲು ಚಿತ್ರವಿಚಿತ್ರ ಗುರುತುಗಳು

ಇದು ಹಾಳಾದ ಕಡತದ ಲಕ್ಷಣವಲ್ಲ, ಗಾಬರಿ ಬೇಡ. ಡಾಸ್ ಕಾಲದಲ್ಲಿ ಕನ್ನಡ ಮೂಡಿಸಲು ಸರ್ಕಾರಿ ಸಂಸ್ಥೆ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡನ್ನು ಯಂತ್ರದೊಳಗೆ ಸೇರಿಸುತ್ತಿದ್ದರು. ಕಡತದಲ್ಲಿರುವುದು ಭಾರತೀಯ ಲಿಪಿಗಳಿಗೆಂದು ಮಾಡಿದ ಇಸ್ಕಿ ಸಂಕೇತ. ಕಾರ್ಡ್ ತೆಗೆದ ಯಂತ್ರದಲ್ಲಿ ಅವು ಗೆರೆ, ಚೌಕ, ಗ್ರೀಕ್ ಅಕ್ಷರಗಳಾಗಿ ಕಾಣುತ್ತವೆ. ಮುಚ್ಚಳ ತೆರೆದು ಕಾರ್ಡ್ ಇದೆಯೇ, ಜಾಗದಲ್ಲಿ ಗಟ್ಟಿಯಾಗಿ ಕೂತಿದೆಯೇ ನೋಡಿ.

ವಿಂಡೋಸ್ ಕಾಲದ ಶ್ರೀಲಿಪಿ, ಬರಹ, ನುಡಿ ಕಡತಗಳ ಕಥೆ ಬೇರೆ. ವಿಂಡೋಸ್ 98ರಲ್ಲಿ ಕನ್ನಡ ಯೂನಿಕೋಡ್‌ಗೆ ಬೆಂಬಲವಿರಲಿಲ್ಲ. ತುಂಗಾ ಫಾಂಟಿನೊಂದಿಗೆ ಅದು ಬಂದದ್ದು ವಿಂಡೋಸ್ ಎಕ್ಸ್‌ಪಿಯಲ್ಲಿ. ಅದಕ್ಕೂ ಮೊದಲಿನ ಕಡತಗಳು ಅವುಗಳದೇ ಫಾಂಟ್ ಇದ್ದರೆ ಮಾತ್ರ ಓದಲು ಬರುತ್ತವೆ, ಒಂದರ ಅಕ್ಷರಜೋಡಣೆ ಇನ್ನೊಂದಕ್ಕೆ ಹೊಂದುವುದಿಲ್ಲ. ಆದ್ದರಿಂದ ಕಡತಗಳನ್ನು ನಕಲು ಮಾಡಿಕೊಳ್ಳುವಾಗ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರನ್ನೂ ತಪ್ಪದೆ ಜೊತೆಗೆ ಎತ್ತಿಕೊಳ್ಳಿ. ಯೂನಿಕೋಡ್‌ಗೆ ಪರಿವರ್ತಿಸುವಾಗ ಮೂಲ ಕಡತದ ನಕಲಿನ ಮೇಲೆಯೇ ಮಾಡಿ. ಅರ್ಕಾವೊತ್ತು ಇರುವ ಪದಗಳನ್ನು ಮತ್ತು ಕನ್ನಡ ಅಂಕಿಗಳನ್ನು ಮಾತ್ರ ಕಣ್ಣಿಟ್ಟು ತಾಳೆ ನೋಡಿ. ಪರಿವರ್ತಕಗಳು ಹೆಚ್ಚಾಗಿ ಮುಗ್ಗರಿಸುವುದು ಅಲ್ಲಿಯೇ.